ಇಲ್ಲದ ಕಾಲಿನ ನಾಡಿ

ಸಿದ್ದಲಿಂಗಮ್ಮ ಸಿಸ್ಟರ್ ಇಪ್ಪತ್ತಾರು ವರ್ಷದ ನೌಕರಿಯಲ್ಲಿ ವಾರ್ಡಿನೊಳಗೆ ದನಿ ಎತ್ತಿದವರಲ್ಲ. ಅವರಿಗೆ ಸಿಟ್ಟು ಬಂದಿದೆಯೆಂದು ತಿಳಿಯುವುದು ಪೆನ್ನಿನ ಕ್ಯಾಪಿನಿಂದ. ತೆಗೆಯುತ್ತಾರೆ, ಹಾಕುತ್ತಾರೆ, ಮತ್ತೆ ತೆಗೆಯುತ್ತಾರೆ.

ಆ ಸೋಮವಾರ ಅಶೋಕಪುರಂನಿಂದ ಸಿಟಿ ಬಸ್ಸಿನಲ್ಲಿ ಬಂದು ವಾರ್ಡಿಗೆ ಕಾಲಿಟ್ಟಾಗ ಬೋರ್ಡಿನ ಮೇಲೆ ಅಂಕಪಟ್ಟಿ ಅಂಟಿಸಿತ್ತು. ರೋಗಿಗಳ ದಾಖಲೆ ಬರೆಯುವುದರಲ್ಲಿ ಯಾವ ಸಿಸ್ಟರ್ ಎಷ್ಟು ಅಚ್ಚುಕಟ್ಟು ಎಂಬುದರ ಲೆಕ್ಕ ಅದು. ವಾರ್ಡಿನ ಇನ್‌ಚಾರ್ಜ್ ಆದ ಅವರಿಗೆ ನೂರಕ್ಕೆ ಐವತ್ತೆಂಟು. ಎಂಟು ತಿಂಗಳಿಂದ ಅವರ ಕೈಕೆಳಗೆ ಕೆಲಸ ಕಲಿಯುತ್ತಿರುವ ಭವ್ಯಶ್ರೀಗೆ ನೂರಕ್ಕೆ ನೂರು. ಅವಳ ಹಾಳೆಯೊಂದನ್ನು ‘ಮಾದರಿ’ ಎಂದು ಬರೆದು ಪಕ್ಕದಲ್ಲೇ ಅಂಟಿಸಿದ್ದರು.

ಅಂಕ ಹಾಕಿದವನು ಗುಣಮಟ್ಟ ವಿಭಾಗದ ಪ್ರದ್ಯುಮ್ನ. ಕ್ರಮ ಸರಳ: ತುಂಬಿದ ಕಾಲಂಗೆ ಒಂದು, ಖಾಲಿ ಬಿಟ್ಟದ್ದಕ್ಕೆ ಸೊನ್ನೆ. ಇಪ್ಪತ್ತೆಂಟು ಹಾಸಿಗೆಗೆ ಇಬ್ಬರೇ ಸಿಸ್ಟರ್ ಇರುವಾಗ ಕೆಲವು ಕಾಲಂ ಖಾಲಿ ಉಳಿದೇ ಉಳಿಯುತ್ತವೆ. ನೋಡದ್ದನ್ನು ಸಿದ್ದಲಿಂಗಮ್ಮ ಬರೆಯುವುದಿಲ್ಲ, ಅಷ್ಟೆ. ಆಸ್ಪತ್ರೆಗೆ ಮಾನ್ಯತೆ ಕೊಡುವ ತಂಡ ಶುಕ್ರವಾರ ಬರುವುದರೊಳಗೆ ಅವರ ಅರವತ್ತಮೂರು ಖಾಲಿ ಕಾಲಂ ತುಂಬಿರಬೇಕು, ಇಲ್ಲದಿದ್ದರೆ ವಾರ್ಡಿಗೆ ಬೇರೆ ಇನ್‌ಚಾರ್ಜ್ ಬರುತ್ತಾರೆ ಎಂದು ಪ್ರದ್ಯುಮ್ನ ಮೆತ್ತಗೆ ತಿಳಿಸಿದ. “ನೆನಪು ಮಾಡ್ಕೊಂಡು ತುಂಬ್ಬಿಡಿ ಸಿಸ್ಟರ್.”

ಅವನು ಹೋದ ಮೇಲೆ ಸಿದ್ದಲಿಂಗಮ್ಮ ಮಾದರಿ ಹಾಳೆಯನ್ನು ಓದಿದರು. ಎರಡನೆಯ ಸಲ ಓದುವಾಗ ಕ್ಯಾಪು ಕೈಯಿಂದ ಜಾರಿತು. ಹಾಳೆ ಹನ್ನೊಂದನೆಯ ಹಾಸಿಗೆಯ ಜವರಪ್ಪನದು. ಕೆಸರೆಯ ಸೊಪ್ಪಿನ ವ್ಯಾಪಾರಿ, ಸಕ್ಕರೆ ಕಾಯಿಲೆ. ಹಿಂದಿನ ಮಂಗಳವಾರ ಅವನ ಎಡಗಾಲನ್ನು ಮಂಡಿಯ ಕೆಳಗೆ ಕತ್ತರಿಸಿದ್ದರು. ಬುಧವಾರದಿಂದ ಶುಕ್ರವಾರದವರೆಗೆ, ದಿನಕ್ಕೆರಡು ಸಲ, ದುಂಡನೆಯ ಅಕ್ಷರದಲ್ಲಿ ದಾಖಲಾಗಿತ್ತು: ಬಲ ಪಾದದ ನಾಡಿ ಸಿಗುತ್ತಿದೆ. ಎಡ ಪಾದದ ನಾಡಿ ಸಿಗುತ್ತಿದೆ.

ಕರೆದು ಕೇಳಿದಾಗ ಭವ್ಯಶ್ರೀ ಮುಚ್ಚಿಡಲಿಲ್ಲ. ಪಾಳಿ ಶುರುವಾಗುವಾಗಲೇ ಹಿಂದಿನ ದಿನದ ಕಾಲಂ ನೋಡಿ ಇಡೀ ದಿನದ್ದು ಬರೆದಿಡುವುದು, ಆಮೇಲೆ ಪುರಸೊತ್ತಾದರೆ ರೋಗಿಯನ್ನು ನೋಡುವುದು. ಎಲ್ಲ ವಾರ್ಡಿನಲ್ಲೂ ನಡೆಯುವುದೇ ಹಾಗೆ. ಅತ್ತುಕೊಂಡೇ ಕೇಳಿದಳು: “ಒಬ್ಬಳಿಗೆ ಹದಿನಾಲ್ಕು ಜನ ಮೇಡಂ. ಬರೀಲಾ, ನೋಡ್ಲಾ?”

ಅವಳ ಮೇಲಿನ ಸಿಟ್ಟು ಅಲ್ಲಿಗೆ ನಿಂತಿತು. ಅದು ಹೋಗಬೇಕಾದ ಕಡೆ ಹೋಯಿತು. ಸಿದ್ದಲಿಂಗಮ್ಮ ಹಾಳೆ ಕಿತ್ತುಕೊಂಡು ಪ್ರದ್ಯುಮ್ನನನ್ನು ಹನ್ನೊಂದನೆಯ ಹಾಸಿಗೆಗೆ ಕರೆತಂದರು. ಬೋರ್ಡು ದಾಟಿ ಹಾಸಿಗೆಗಳ ತನಕ ಅವನು ಬಂದದ್ದು ಅದೇ ಮೊದಲು. ಹೊದಿಕೆ ಸರಿಸಿ, “ಎಡಗಾಲಿನ ನಾಡಿ ನೋಡಿ ಸರ್. ನೂರಕ್ಕೆ ನೂರು ಕೊಟ್ಟಿದ್ದೀರಿ,” ಎಂದರು.

ಪ್ರದ್ಯುಮ್ನ ಬ್ಯಾಂಡೇಜು ನೋಡಿದ, ಹಾಳೆ ನೋಡಿದ. ಜವರಪ್ಪನಿಗೆ ವಿಷಯ ಗೊತ್ತಾಗಲು ಹೆಚ್ಚು ಹೊತ್ತು ಬೇಕಾಗಲಿಲ್ಲ. “ಆ ಕಾಲು ಎಲ್ಲಾದ್ರೂ ಸಿಕ್ರೆ ನಂಗೂ ಒಸಿ ಯೋಳ್ಬುಡಿ ಸಾರ್,” ಎಂದ. ಪಕ್ಕದ ಹಾಸಿಗೆಯವನು ಕೆಮ್ಮುತ್ತಲೇ ನಕ್ಕ.

ಹೊರಗೆ ಬಂದ ಪ್ರದ್ಯುಮ್ನ ಕ್ಷಮೆ ಕೇಳಲಿಲ್ಲ. ಅದೊಂದು ಹಾಳೆಯನ್ನು ಹಳೆಯ ತಾರೀಕಿನಲ್ಲೇ ಬೇರೆ ಬರೆಸಿಬಿಡಿ, ಹೊರಗೆ ಹೋಗುವುದು ಬೇಡ ಎಂದ.

ಆ ಮಧ್ಯಾಹ್ನ ಸಿದ್ದಲಿಂಗಮ್ಮ ಊಟಕ್ಕೆ ಹೋಗಲಿಲ್ಲ. ತಮ್ಮ ಅರವತ್ತಮೂರು ಖಾಲಿ ಕಾಲಂಗಳನ್ನೂ ತುಂಬಿದರು. ಪ್ರತಿಯೊಂದರಲ್ಲೂ ಒಂದೇ ಮಾತು: ‘ನೋಡಲಾಗಲಿಲ್ಲ. ಇಬ್ಬರು ಸಿಸ್ಟರ್, ಇಪ್ಪತ್ತೆಂಟು ರೋಗಿಗಳು.’ ಕೆಳಗೆ ಆ ಸೋಮವಾರದ್ದೇ ತಾರೀಕು, ಸಹಿ. ಜವರಪ್ಪನ ಹಾಳೆಯನ್ನು ತಿದ್ದದೆ ಫೈಲಿಗೆ ಸೇರಿಸಿದರು.

ಪ್ರದ್ಯುಮ್ನನ ಕ್ರಮದ ಪ್ರಕಾರ ಅವರಿಗೂ ಈಗ ನೂರಕ್ಕೆ ನೂರು ಬರಬೇಕಿತ್ತು. ಬರಲಿಲ್ಲ. ಆ ಫೈಲುಗಳು ತಂಡದ ಮೇಜಿಗೆ ಹೋಗಲೇ ಇಲ್ಲ. ಶುಕ್ರವಾರ ಆಸ್ಪತ್ರೆಗೆ ಮಾನ್ಯತೆ ಸಿಕ್ಕಿತು. ಶನಿವಾರ ಸಿದ್ದಲಿಂಗಮ್ಮನವರನ್ನು ಹೊರರೋಗಿಗಳ ಇಂಜೆಕ್ಷನ್ ಕೋಣೆಗೆ ಹಾಕಿದರು.

ಹದಿನೈದು ದಿನದ ಮೇಲೆ ಭವ್ಯಶ್ರೀ ಹೊಸದಾಗಿ ಅಚ್ಚಾದ ಹಾಳೆಯೊಂದನ್ನು ಅಲ್ಲಿಗೆ ತಂದಳು. ನಾಡಿಯ ಸಾಲಿನ ಮೇಲೆ ಇನ್ನೊಂದು ಸಾಲು ಸೇರಿತ್ತು: ‘ಕಾಲು ಇದೆಯೇ? ಹೌದು / ಇಲ್ಲ.’

“ಸಿಸ್ಟರ್ ಎಷ್ಟು ಜನ ಇದ್ದಾರೆ ಅಂತ ಕೇಳಿದಾರಾ?” ಎಂದರು ಸಿದ್ದಲಿಂಗಮ್ಮ.

“ಇಲ್ಲ ಮೇಡಂ.”

ಸಿದ್ದಲಿಂಗಮ್ಮ ಪೆನ್ನಿನ ಕ್ಯಾಪು ತೆಗೆದರು. ಹಾಳೆಯ ಅಂಚಿನಲ್ಲಿ ಗೆರೆ ಎಳೆದು ‘ಸಿಸ್ಟರ್ ಎಷ್ಟು ಜನ?’ ಎಂಬ ಕಾಲಂ ತಾವೇ ಮಾಡಿ, ಹಾಳೆಯನ್ನು ಅವಳ ಕೈಗೆ ಕೊಟ್ಟರು.