ಪಂಪ್ ರೂಮಿನ ಬೀಗ

ಎಪ್ಪತ್ತರ ದಶಕದ ಕೊನೆಯಲ್ಲಿ ನಾವು ಡೊಂಬಿವಲಿಯ ಒಂದು ಮೂರು ಮಾಳಿಗೆಯ ಕಟ್ಟಡದಲ್ಲಿದ್ದೆವು. ಪಕ್ಕದ ಮನೆಯಲ್ಲಿ ಬಿಜಾಪುರ ಕಡೆಯ ಅಕ್ಕ ಒಬ್ಬರಿದ್ದರು. ಶಹಾಡ್ ಹತ್ತಿರದ ಸಣ್ಣ ಕಾರ್ಖಾನೆಯೊಂದರಲ್ಲಿ ಬೀಗ ಜೋಡಿಸುವುದು ಅವರ ಕೆಲಸ. ಒಮ್ಮೆ ನಾನು ಲೋಕಲ್ ಟ್ರೇನಿನ ನೂಕುನುಗ್ಗಲಲ್ಲಿ ಚಾವಿ ಕಳೆದುಕೊಂಡು ಬಾಗಿಲೆದುರು ಅಳುಮೋರೆ ಹಾಕಿ ನಿಂತಿದ್ದೆ. ಅಕ್ಕ ಮುರಿದ ಛತ್ರಿಯ ಕಡ್ಡಿ, ಬಗ್ಗಿಸಿದ ಒಂದು ಹೇರ್‌ಪಿನ್ ತಂದವರೇ, ನಾನು ಮೂಗು ಒರೆಸಿಕೊಳ್ಳುವಷ್ಟರಲ್ಲಿ ಬೀಗ ತೆಗೆದುಬಿಟ್ಟರು. ನನಗೆ ಮನೆಯೊಳಗೆ ಹೋಗುವುದೇ ಮರೆತುಹೋಯಿತು.

"ಅಕ್ಕ, ಇದನ್ನು ನಂಗೂ ಕಲಿಸಿಕೊಡಿ!"

ಮುಂದಿನ ರವಿವಾರ ಅವರು ಕಾರ್ಖಾನೆಯಲ್ಲಿ ಕೆಟ್ಟುಹೋಗಿದ್ದ ಬೀಗವೊಂದನ್ನು ಸೀಳಿಸಿ ತಂದಿದ್ದರು. ಒಳಗೆ ಸಾಲಾಗಿ ಐದು ಹಿತ್ತಾಳೆ ಪಿನ್ನುಗಳು, ಪ್ರತಿಯೊಂದೂ ಎರಡು ತುಂಡು, ಮೇಲೊಂದು ಪುಟ್ಟ ಸ್ಪ್ರಿಂಗು. ಸರಿಯಾದ ಚಾವಿ ಹೊಕ್ಕರೆ ಐದೂ ಪಿನ್ನುಗಳ ಸಂದು ಒಂದೇ ಗೆರೆಗೆ ಬರುತ್ತದೆ, ಬೀಗ ತಿರುಗುತ್ತದೆ. ಇಷ್ಟೇನಾ ಎನಿಸಿತು!

"ಚಾವಿ ಇಲ್ಲಂದ್ರ ಒಂದೊಂದ ಎತ್ತಬೇಕು, ತಂಗಿ. ಹೇರ್‌ಪಿನ್ನಿಲೆ ತಿರುವೋ ಕಡೆ ಹಗುರಕ ಒತ್ತಿ ಹಿಡಿ. ಕಡ್ಡೀಲೆ ಒಳಗ ಹುಡುಕು. ಯಾವುದು ಬಿಗಿ ಐತಿ, ಅದನ್ನ ಮೊದಲ ಎತ್ತು. ಟಿಕ್ ಅಂತೈತಿ. ಜೋರ್ ಮಾಡಬ್ಯಾಡ."

ನಾನು ಜೋರೇ ಮಾಡುತ್ತಿದ್ದೆ. ಎರಡು ವಾರ ಬೆರಳು ನೋಯಿಸಿಕೊಂಡ ಮೇಲೆ ನಮ್ಮ ಮನೆಯ ಬೀಗ ಮೊದಲ ಸಲ ತೆರೆದಾಗ ನಾನು ಕಿರುಚಿದ ಸದ್ದಿಗೆ ಅಕ್ಕ ಲಟ್ಟಣಿಗೆ ಹಿಡಿದೇ ಓಡಿ ಬಂದಿದ್ದರು. ಅಂದೇ ಒಂದು ಮಾತು ಹೇಳಿದರು: "ಮಂದಿ ಕೀಲಿಗೆ ಅವ್ರು ಕರದ್ರ ಅಷ್ಟ ಕೈ ಹಚ್ಚಬೇಕು."

ಆ ಬೇಸಿಗೆಯಲ್ಲಿ ನೀರು ಬರುತ್ತಿದ್ದದ್ದು ಬೆಳಿಗ್ಗೆ ಒಂದೇ ಗಂಟೆ. ಅಷ್ಟರೊಳಗೆ ಪಂಪ್ ಹಾಕಿ ಮೇಲಿನ ಟಾಕಿ ತುಂಬಿಸಬೇಕು. ಒಂದು ದಿನ ನಮ್ಮ ಸೊಸೈಟಿಯ ಸೆಕ್ರೆಟರಿ ಪಂಪ್ ರೂಮಿನ ಚಾವಿಯನ್ನು ಜೇಬಿನಲ್ಲೇ ಇಟ್ಟುಕೊಂಡು ಪುಣೆಗೆ ಮದುವೆಗೆ ಹೊರಟುಹೋಗಿದ್ದರು. ಅಕ್ಕ ಫಸ್ಟ್ ಶಿಫ್ಟಿಗೆ ಹೋಗಿಯಾಗಿತ್ತು. ಇಡೀ ಕಟ್ಟಡ ಬಾಲ್ದಿ ಹಿಡಿದು ಕೆಳಗಿಳಿದಿತ್ತು. ಯಾರೋ ಸುತ್ತಿಗೆ ತಂದರು.

"ಒಡೀಬೇಡಿ! ಎಲ್ಲರೂ ಒಪ್ಪಿದ್ರೆ ನಾನು ತೆಗೀತೇನೆ" ಎಂದು ಹಿಂದಿಯಲ್ಲಿ ಕೂಗಿದೆ.

ಕೆಳಗಿನ ಮನೆಯ ಮರಾಠಿ ಅಜ್ಜಿ ಕೊಡಕ್ಕೆ ಕೈ ಬಡಿದು, "ಉಘಡ್ ಗಂ ಪೋರೀ, ತೆಗಿ ತೆಗಿ!" ಎಂದು ಎರಡೂ ಭಾಷೆಯಲ್ಲಿ ಅಪ್ಪಣೆ ಕೊಟ್ಟರು.

ಕಡ್ಡಿ, ಹೇರ್‌ಪಿನ್ ತಂದು ಮಂಡಿಯೂರಿ ಕುಳಿತೆ. ಮೊದಲ ಪಿನ್ನು, ಟಿಕ್. ನಾಲ್ಕನೆಯದು, ಟಿಕ್. ಅಷ್ಟರಲ್ಲಿ ಹೇರ್‌ಪಿನ್ ಜಾರಿ, ಎತ್ತಿದ್ದ ಪಿನ್ನುಗಳೆಲ್ಲ ಕೆಳಗೆ ಬಿದ್ದವು. "ನೀರು ನಿಲ್ಲೋ ಹೊತ್ತಾಯ್ತು" ಎಂದು ಹಿಂದಿನಿಂದ ಯಾರೋ ಗೊಣಗಿದರು. ಕಣ್ಣು ಮುಚ್ಚಿಕೊಂಡು ಮತ್ತೆ ಶುರು ಮಾಡಿದೆ. ಬೆರಳ ತುದಿಯಲ್ಲೇ ನೋಡತೊಡಗಿದೆ. ಒಂದು, ನಾಲ್ಕು, ಎರಡು, ಐದು. ಮೂರನೆಯದು ಮಾತ್ರ ಹಟಮಾರಿ. ಒತ್ತುತ್ತಿದ್ದ ಕೈಯನ್ನು ಕೂದಲೆಳೆಯಷ್ಟು ಸಡಿಲಿಸಿದೆ, ಅಷ್ಟೇ. ಟಿಕ್. ಬೀಗ ಕಳಚಿ ಮಡಿಲಿಗೆ ಬಿತ್ತು!

ಪಂಪ್ ಗುರ್ರೆಂದಿತು. ಪೈಪಿನೊಳಗೆ ನೀರು ಏರುವ ಸದ್ದಿಗೆ ಜನ ಚಪ್ಪಾಳೆ ತಟ್ಟಿದರು, ಅಜ್ಜಿ ನನ್ನ ಕೆನ್ನೆ ಹಿಂಡಿದರು.

ಸಂಜೆ ಅಕ್ಕನನ್ನು ಮೆಟ್ಟಿಲಲ್ಲೇ ತಡೆದು ಎಲ್ಲ ಹೇಳಿದೆ. "ಯಾವ ಪಿನ್ನು ಕಾಡ್ತು?" ಎಂದು ಕೇಳಿ, ನನ್ನ ಉತ್ತರಕ್ಕೆ, "ಮೂರನೇದ್ದ? ಭಾಳ ಶಾಣ್ಯಾಕಿ ಆದಿ ಬಿಡು" ಎಂದು ನಕ್ಕರು.

ಮರುದಿನ ಪುಣೆಯಿಂದ ಮರಳಿದ ಸೆಕ್ರೆಟರಿ ನಮ್ಮ ಬಾಗಿಲಿಗೇ ಬಂದು ಬೀಗವನ್ನು ಹಿಂದೆಮುಂದೆ ತಿರುಗಿಸಿ ನೋಡಿದರು. ಒಂದು ಗೀರೂ ಇರಲಿಲ್ಲ. ಬೈಯಲು ಬಂದಿದ್ದಾರೆಂದು ನಾನು ಬಾಗಿಲ ಹಿಂದೆ ನಿಂತಿದ್ದರೆ, ಅವರು ದನಿ ತಗ್ಗಿಸಿ, ತಮ್ಮ ಕಪಾಟಿನ ಚಾವಿ ಆರು ತಿಂಗಳಿಂದ ಸಿಕ್ಕಿಲ್ಲ, ಸ್ವಲ್ಪ ನೋಡುತ್ತೀರಾ ಎಂದು ಕೇಳಿದರು. ಅಕ್ಕನನ್ನೂ ಕರೆದುಕೊಂಡು ಹೋದೆ. ಅದು ಬೇರೆಯೇ ಜಾತಿಯ ಬೀಗ, ಒಳಗೆ ಪಿನ್ನುಗಳೇ ಇರಲಿಲ್ಲ. ಅಕ್ಕ ಸೆರಗು ಸಿಕ್ಕಿಸಿಕೊಂಡು, "ಕುಂಡ್ರು, ಇದನ್ನೂ ಕಲಿ" ಎಂದರು.