ಮುದ್ದೆ ಕಟ್ಟದ ಹಿಮ

ಎಪ್ಪತ್ತರ ದಶಕದ ಒಂದು ಫೆಬ್ರವರಿ. ಮಳವಳ್ಳಿಯಲ್ಲಿ ಹುಟ್ಟಿ ಮದ್ದೂರಿನಲ್ಲಿ ಓದಿದ ನಾನು ಹಿಮಾಲಯದ ಒಂದು ಸೇನಾ ಶಿಬಿರದಲ್ಲಿ ಹಿಮ ವೀಕ್ಷಕನಾಗಿದ್ದೆ. ಹಿಮ ಪದರ ಪದರವಾಗಿ ಕೂರುತ್ತದೆ. ಮೇಲಿನ ಗಟ್ಟಿ ಪದರಕ್ಕೆ ಸ್ಲ್ಯಾಬ್ ಎನ್ನುತ್ತೇವೆ. ಅದರಡಿಯ ಪದರ ಸಡಿಲವಿದ್ದರೆ ಮನುಷ್ಯನ ಭಾರಕ್ಕೇ ಇಡೀ ಇಳಿಜಾರು ಕುಸಿಯಬಹುದು. ಗುಂಡಿ ತೋಡಿ, ಹಿಮವನ್ನು ಕಂಬದಂತೆ ಕತ್ತರಿಸಿ, ಹಿಂದಿನಿಂದ ಸಲಿಕೆ ಇಳಿಸಿ ಎಳೆದು ನೋಡುವುದು ನನ್ನ ಕೆಲಸ. ಸುಲಭಕ್ಕೆ ಜಾರಿದರೆ ಅಪಾಯ.

ಆ ದಿನ ಹತ್ತು ಜನ ಕೆಳಗಿಳಿಯಬೇಕಿತ್ತು. ನಮ್ಮ ಕಡೆಯದೇ ಊರಾದ ಹೊಳಲಿನ ಸಿಪಾಯಿ ಬೋರೇಗೌಡನೂ ಅವರಲ್ಲೊಬ್ಬ. ತಂದೆಯಿಲ್ಲದ ಮನೆ, ಆ ವಾರವೇ ತಂಗಿಯ ಮದುವೆ, ಧಾರೆ ಎರೆಯಬೇಕಾದವನು ಇವನೇ. ನಾನೋ, ಚಳಿಗೆ ಸೋತು, ಟೆಂಟಿನ ಪಕ್ಕದಲ್ಲೇ ಗುಂಡಿ ತೋಡಿದೆ. ಕಂಬ ಜಗ್ಗಲಿಲ್ಲ. ಹೋಗಬಹುದು ಎಂದು ಚೀಟಿ ಬರೆದುಕೊಟ್ಟೆ.

ಹೆಗಲಿಗೆ ಚೀಲ ಏರಿಸಿದ್ದ ಬೋರೇಗೌಡ ಗುಂಡಿ ನೋಡಿ ನಿಂತ.

"ಇಲ್ಲಿ ದಿನಾ ನಾವೇ ತುಳ್ದು ತುಳ್ದು ಕಣ ಮಾಡಿವಿ, ಸಾ. ಗದ್ದೆ ಎಂಗದೆ ಅಂತ ಯಾರಾದ್ರೂ ಕಣ ಅಗ್ದು ನೋಡ್ತಾರಾ?"

ನನಗೆ ರೇಗಿತು. ಆದರೆ ಮಾತು ನಿಜ, ನಾಚಿಕೆಯೂ ಆಯಿತು. ಸೊಂಟಕ್ಕೆ ಹಗ್ಗ ಬಿಗಿದುಕೊಂಡು, ಹೋಗುವ ದಾರಿಯಷ್ಟೇ ಓರೆಯಿದ್ದ, ಅದೇ ದಿಕ್ಕಿಗಿದ್ದ ಪುಟ್ಟ ದಿಣ್ಣೆಯಲ್ಲಿ ಮತ್ತೆ ತೋಡಿದೆ. ಸಲಿಕೆ ಇಳಿಸಿದ್ದೇ ತಡ, ಎಳೆಯುವ ಮೊದಲೇ ಕಂಬದ ಮೇಲರ್ಧ ನನ್ನ ಮಡಿಲಿಗೆ ಬಂತು. ಬೋರೇಗೌಡ ಅಡಿಯ ಪದರದಿಂದ ಒಂದು ಹಿಡಿ ತೆಗೆದು, ಮುದ್ದೆ ಕಟ್ಟುವಂತೆ ಅಂಗೈಯಲ್ಲಿ ಒತ್ತಿ ಹೊರಳಿಸಿದ. ಸಕ್ಕರೆಯ ಹಾಗೆ ಬೆರಳ ಸಂದಿಯಿಂದ ಉದುರಿಹೋಯಿತು.

"ಮುದ್ದೆ ಕಟ್ಟಲ್ಲ ಕಣ್ ಸಾ ಇದು. ಬ್ಯಾಡ, ಬುಡಿ."

"ತಂಗಿ ಮದುವೆ ಏನಯ್ಯಾ ಮಾಡ್ತೀಯ?"

ಅವನು ಚೀಲ ಇಳಿಸಿದ. "ಉಳ್ದೋರ್ ಮನೇಲೂ ಅಕ್ಕತಂಗೇರವ್ರೆ, ಸಾ."

ನನ್ನ ಚೀಟಿಯನ್ನು ನಾನೇ ಹಿಂಪಡೆದು ಹರಿದೆ. ಮರುದಿನ ಮಧ್ಯಾಹ್ನ ಅವರು ಇಳಿಯಬೇಕಿದ್ದ ಇಳಿಜಾರು, ಒಬ್ಬರೂ ಇಲ್ಲದ ಹೊತ್ತಿನಲ್ಲಿ, ತಾನಾಗಿಯೇ ಗುಡುಗುತ್ತಾ ಕೆಳಗಿಳಿಯಿತು. ಪರೀಕ್ಷೆಯನ್ನು ನಮಗೆ ಅನುಕೂಲವಾದಲ್ಲಿ ಅಲ್ಲ, ಜನ ಇಳಿಯಬೇಕಾದಂಥ ನೆಲದಲ್ಲೇ ಮಾಡಬೇಕೆಂದು ಕಲಿತದ್ದು ಅಂದು. ನಿವೃತ್ತಿಯವರೆಗೂ ನಾನು ಟೆಂಟಿನ ಪಕ್ಕ ಗುಂಡಿ ತೋಡಲಿಲ್ಲ.

ಬೇಸಿಗೆ ರಜೆಯಲ್ಲಿ ಅವನ ಜೊತೆ ಹೊಳಲಿಗೆ ಹೋದೆ. ಧಾರೆಯನ್ನು ಚಿಕ್ಕಪ್ಪ ಎರೆದಿದ್ದನಂತೆ. ತವರಿಗೆ ಬಂದಿದ್ದ ತಂಗಿ ನನಗೆ ಬಡಿಸಿದಳು, ಅಣ್ಣನ ಕಡೆ ತಿರುಗಿಯೂ ನೋಡಲಿಲ್ಲ. "ಮದ್ವೇಗೂ ಬರ್ನಿಲ್ಲ ಸಾ, ಇವ್ನು ಎಂಥ ಅಣ್ಣ!" ತಾಯಿ ಹೆದರುತ್ತಾಳೆಂದು ಅವನು ಹಿಮದ ಸುದ್ದಿಯನ್ನೇ ಮನೆಯಲ್ಲಿ ಎತ್ತಿರಲಿಲ್ಲ. ನಾನೇ ಎಲ್ಲ ಹೇಳಿದೆ, ನನ್ನ ತಪ್ಪನ್ನೂ ಸೇರಿಸಿ.

ಅವಳು ಒಳಗೆ ಹೋದಳು. ಬಿಸಿ ಮುದ್ದೆ ತಂದು ಅವನ ತಟ್ಟೆಗಿಟ್ಟು, "ಉಣ್ಣಣ್ಣ" ಎಂದಳು.