ನೀರು ಬೀಳದ ಕೂಸುಗಳ ಪುರುಡು

ಹುಟ್ಟಿದ ಕೂಸಿಗೆ ನೀರು ಹಾಕಬೇಡಿ ಎನ್ನುವ ಊರಿಗೆ ನಾನು ಬಂದಿದ್ದೆ! ತುಮಕೂರಿನ ಜಟಕಾ, ಮೋಟಾರು, ತಿರುಗಿಸಿದರೆ ನೀರು ಸುರಿಯುವ ನಲ್ಲಿ, ಇವಕ್ಕೆಲ್ಲ ಬೇಗನೆ ಕಣ್ಣು ಒಗ್ಗಿತು. ಈ ಒಂದು ಮಾತಿಗೆ ಮಾತ್ರ ಕೈ ಒಗ್ಗಲಿಲ್ಲ. ಕುಣಿಗಲ್ ಸೀಮೆಯ ನಮ್ಮ ಹಳ್ಳಿಯಲ್ಲಿ ಯಾರ ಮನೆಯಲ್ಲಿ ಕೂಸು ಹುಟ್ಟಿದರೂ ಎರೆಯಲು ನನಗೇ ಕರೆ ಬರುತ್ತಿತ್ತು. ಇದನ್ನು ಓದುವ ನಮ್ಮೂರಿನವರಲ್ಲಿ ಎಷ್ಟೋ ಜನ ನನ್ನ ಕಾಲ ಮೇಲೆ ಬಿದ್ದುಕೊಂಡು ಬೊಬ್ಬೆ ಹೊಡೆದವರೇ. ಅಂಥವಳಿಗೆ, ಸ್ವಂತ ಮಗಳ ಕೂಸುಗಳಿಗೇ ನೀರು ಸೋಕಿಸಬೇಡ ಎಂದರೆ ಹೇಗಾಗಬೇಕು ಹೇಳಿ.

ಮೊದಲಿನಿಂದ ಹೇಳುತ್ತೇನೆ. ಮಗಳು ರತ್ನಳನ್ನು ಗುಬ್ಬಿಗೆ ಕೊಟ್ಟಿದ್ದೆವು. ಅಳಿಯಂದಿರು ಅಲ್ಲಿ ಬಟ್ಟೆ ಹೊಲಿಯುತ್ತಿದ್ದರು. ಚೊಚ್ಚಲ ಬಾಣಂತನ ತವರಿನದು ತಾನೇ? ಬಳೆ ತೊಡಿಸಿ ಕರೆತರಲು ಹೋದವಳು ಅವಳ ಹೊಟ್ಟೆ ನೋಡಿ ದಂಗಾದೆ. ಆರು ತಿಂಗಳಿಗೇ ಒಂಬತ್ತರ ಭಾರ. ಊರಿಗೆ ಬರುವ ದಾರಿಯಲ್ಲಿ ತುಮಕೂರಿನ ಆಸ್ಪತ್ರೆಗೆ ತೋರಿಸಿದೆವು. ಡಾಕ್ಟರಮ್ಮ ಹೊಟ್ಟೆಯ ಆ ಕಡೆ ಈ ಕಡೆ ಕೊಳವೆ ಇಟ್ಟು ಕೇಳಿ ನಕ್ಕರು.

"ಎರಡಿವೆ ಅಜ್ಜಿ. ಒಳಗೆ ಜಾಗ ಸಾಲದೆ ಬೇಗ ಹೊರಟುಬಿಡ್ತವೆ ಇವು. ಈಕೆ ಮತ್ತೆ ಬಸ್ಸು ಹತ್ತೋದು ಬೇಡ. ಹತ್ತಿರದಲ್ಲೇ ಎಲ್ಲಾದರೂ ಮಲಗಿಸ್ಕೊಳ್ಳಿ."

ಮಗಳು ತವರಿಗೆ ಬರಲಾರದೆ ಹೋದಳು, ತವರೇ ತುಮಕೂರಿಗೆ ಬಂತು. ನನ್ನ ಯಜಮಾನರು ತಾಮ್ರದ ಹಂಡೆ, ಒರಳು, ರಾಗಿ ಹಿಟ್ಟು, ತೆಂಗಿನಕಾಯಿ ಎಲ್ಲವನ್ನೂ ಬಸ್ಸಿನ ಮೇಲೆ ಏರಿಸಿಕೊಂಡು ಬಂದು ಆಸ್ಪತ್ರೆಯ ಹಿಂದಿನ ವಠಾರದಲ್ಲಿ ಇಳಿಸಿದರು. ವಠಾರ ಎಂದರೆ ಒಂದೇ ಹೆಬ್ಬಾಗಿಲಿನೊಳಗೆ ಸಾಲು ಮನೆಗಳು; ಎಲ್ಲರಿಗೂ ಒಂದೇ ನಲ್ಲಿ, ಒಂದೇ ಬಚ್ಚಲು. ನಮ್ಮೂರಲ್ಲಿ ಪಕ್ಕದ ಮನೆಯ ಸಾರಿನ ವಾಸನೆ ಬರಬೇಕಾದರೆ ಗಾಳಿ ಬೀಸಬೇಕು. ಇಲ್ಲಿ ನಾನು ಬೆಳ್ಳುಳ್ಳಿ ಸುಲಿದರೆ ಸಾಕು, ಗೋಡೆಯಾಚೆಯಿಂದ "ಏನ್ರೀ, ಬಾಣಂತಿ ಖಾರನಾ?" ಎನ್ನುವರು. ನಮ್ಮ ಕಡೆ "ಬಾರಕ್ಕ" ಎಂದು ಕೈ ಹಿಡಿದು ಎಳೆಯುತ್ತಾರೆ, ಇಲ್ಲಿ "ಬನ್ರೀ" ಎಂದು ಬಾಗಿಲಲ್ಲೇ ನಿಲ್ಲುತ್ತಾರೆ. ಅದರಲ್ಲಿ ಮರ್ಯಾದೆ ಇತ್ತು, ಇಲ್ಲವೆನ್ನುವುದಿಲ್ಲ. ಆದರೆ ಆ ಮರ್ಯಾದೆಯಿಂದ ನನ್ನ ಒಂಟಿತನ ಕರಗಲಿಲ್ಲ.

ಡಾಕ್ಟರಮ್ಮ ಹೇಳಿದಂತೆಯೇ ಆಯಿತು. ಎಂಟು ತುಂಬುವ ಮೊದಲೇ ಹೆರಿಗೆ. ಒಂದು ಗಂಡು, ಒಂದು ಹೆಣ್ಣು. ಎರಡನ್ನೂ ಸೇರಿಸಿದರೆ ನಮ್ಮೂರ ಒಂದು ಕೂಸಿನಷ್ಟಾಗುತ್ತಿರಲಿಲ್ಲ. ಚಿಗುರು ವೀಳ್ಯದೆಲೆಯಂಥ ಮೈ, ಒಳಗಿನ ನರ ಹೊರಗೆ ಕಾಣುವಂಥದ್ದು. ಏಳಕ್ಕೆ ಹುಟ್ಟಿದ್ದು ಬದುಕುತ್ತದೆ, ಎಂಟಕ್ಕೆ ಹುಟ್ಟಿದ್ದು ಬದುಕುವುದಿಲ್ಲ ಎಂಬ ನಮ್ಮ ಕಡೆಯ ಮಾತು ಗಂಟಲಲ್ಲಿ ಮುಳ್ಳಿನಂತೆ ಸಿಕ್ಕಿಕೊಂಡಿತ್ತು. ಎಣ್ಣೆ ಬಟ್ಟಲು ಹಿಡಿದು ಹೋದ ನನ್ನನ್ನು ನರ್ಸಮ್ಮ ತಡೆದಳು.

"ಇವಕ್ಕಿನ್ನೂ ಮೈ ಶಾಖ ಹಿಡ್ಕೊಳ್ಳೋ ಶಕ್ತಿ ಬಂದಿಲ್ಲ ಅಜ್ಜಿ. ನೀರು ಹಾಕಿದ್ರೆ ಇರೋದೂ ಹೋಗುತ್ತೆ. ಶಾಖ ಹೋದ್ರೆ ಕೂಸೂ ಹೋಗುತ್ತೆ."

ಹತ್ತಿಯಲ್ಲಿ ಸುತ್ತಿ ಮಲಗಿಸಿದ್ದರು, ಮೂಗು ಬಾಯಿ ಮಾತ್ರ ಕಾಣುವ ಹಾಗೆ. ಚೀಪುವ ಬಲವೂ ಇರಲಿಲ್ಲ; ತಾಯಿಯ ಹಾಲನ್ನು ಹಿಂಡಿ ಫಿಲ್ಲರಿನಲ್ಲಿ ತೊಟ್ಟು ತೊಟ್ಟಾಗಿ ಬಿಡಬೇಕು. ಊರಲ್ಲಿ ನಾನು ನೀರು ಕಾಯಿಸಿ ಕೂಸಿನ ಮೇಲೆ ಸುರಿಯುತ್ತಿದ್ದೆ. ಇಲ್ಲಿ ಅದೇ ನೀರು ಕಾಯಿಸಿ, ಬಾಟಲಿಗೆ ತುಂಬಿ, ದಪ್ಪ ಬಟ್ಟೆ ಸುತ್ತಿ, ಕೂಸುಗಳ ಪಕ್ಕದಲ್ಲಿಡಲು ಕಲಿತೆ. ಆರುವ ಮೊದಲು ಬದಲಿಸಬೇಕು. "ಅಜ್ಜಿ ಕೈಲಿ ಬಾಟ್ಲಿ ಯಾವತ್ತೂ ತಣ್ಣಗಾಗಿಲ್ಲ" ಎಂದು ನರ್ಸಮ್ಮ ಡಾಕ್ಟರಮ್ಮನ ಎದುರೇ ಹೇಳಿದಳು. ಸುಳ್ಳೇಕೆ, ಅವತ್ತು ಎದೆಯುಬ್ಬಿಸಿಕೊಂಡೇ ವಠಾರಕ್ಕೆ ಬಂದೆ.

ಅಷ್ಟರಲ್ಲಿ ಪುರುಡು ಕಳೆಯುವ ದಿನ ಬಂತು. ತಾಯಿಗೂ ಕೂಸಿಗೂ ತಲೆಗೆ ನೀರು ಬಿದ್ದ ಮೇಲೆಯೇ ಹೆರಿಗೆಯ ಮೈಲಿಗೆ ಹೋಗುವುದು. ಅಲ್ಲಿಯವರೆಗೆ ನೆಂಟರು ಆ ಮನೆಯ ನೀರೂ ಕುಡಿಯರು. ಕೂಸುಗಳ ಜೊತೆ ಆಸ್ಪತ್ರೆಯಲ್ಲೇ ಇದ್ದ ರತ್ನಳಿಗೆ ಅಲ್ಲೇ ತಲೆಗೆ ನೀರು ಹಾಕಿದೆ; ಕೂಸುಗಳದ್ದು ಉಳಿಯಿತು. ಗುಬ್ಬಿಯಿಂದ ರತ್ನಳ ಅತ್ತೆ, ನನ್ನ ಬೀಗಿತ್ತಿ, ಹರಳೆಣ್ಣೆ ಸೀಗೆಪುಡಿ ಹಿಡಿದು ಬಂದಿಳಿದರು.

"ಎಲ್ಲಿ ಕೂಸ್ಗಳು?"

"ಆಸ್ಪತ್ರೇಲವೆ ಬೀಗ್ರೇ. ನೀರು ಹಾಕಂಗಿಲ್ವಂತೆ."

"ಒಂದ್ ಗಳಿಗೆ ಎತ್ಕೊಂಡ್ ಬಾ, ಎರೆದು ವಾಪಸ್ ಕೊಡಾನ."

"ಆಗಕಿಲ್ಲ."

"ಆಗಕಿಲ್ವಾ? ನಮ್ಮನೆ ಕೂಸಿಗೆ ನಿನ್ನಪ್ಪಣೆ ಬೇಕಾ? ಊರೋರ್ ಮಕ್ಕಳ್ನೆಲ್ಲ ಎರೆದೋಳು, ನಮ್ ವಂಶಕ್ಕೆ ಮಾತ್ರ ನೀರು ತೋರ್ಸಲ್ವಾ? ತುಮ್ಕೂರಿನ ನಲ್ಲಿ ನೀರು ಕುಡ್ದು ಕೊಬ್ಬು ಬಂದದೆ ಬುಡು!"

ವಠಾರದ ಬಾಗಿಲುಗಳೆಲ್ಲ ತೆರೆದವು. ಬೀಗಿತ್ತಿ ಮುನಿಸಿಕೊಂಡು ಹೊರಟರೆ ರತ್ನ ನಾಳೆ ಯಾವ ಮುಖ ಹೊತ್ತು ಗುಬ್ಬಿಯ ಹೊಸ್ತಿಲು ತುಳಿಯಬೇಕು? ಎತ್ತಿ ತಂದರೆ, ಆ ಶಾಖ? ನನಗೇನು ತೋಚಿತೋ, ಬಚ್ಚಲಿಗೆ ಹೋಗಿ, ಸೀರೆಯನ್ನು ಮೊಣಕಾಲಿನವರೆಗೆ ಎತ್ತಿ ಕಟ್ಟಿ, ಎರೆಯಲು ಕೂರುವಂತೆ ಎರಡು ಕಾಲೂ ಚಾಚಿ ಕೂತೆ. ಕಾಲ ಮೇಲೆ ಕೂಸಿಲ್ಲ.

"ಬೀಗ್ರೇ, ಬನ್ನಿ. ಕೂಸು ಮಲಗ್ಬೇಕಾದ ಕಾಲು ಇದು. ಎಣ್ಣೆ ಹಚ್ಚಿ, ನೀರು ಹುಯ್ಯಿರಿ. ಬಲಗಾಲು ಗಂಡಿಗೆ, ಎಡಗಾಲು ಹೆಣ್ಣಿಗೆ. ಅವು ಗಟ್ಟಿಯಾದ್ ದಿನ ಇದೇ ಕಾಲ್ ಮೇಲೆ ನೀವೇ ಮೊದಲ ಚೊಂಬು ಹುಯ್ಯೋರಂತೆ. ಅದಕ್ ಮುಂಚೆ ಕೇಳ್ಬೇಡಿ, ನಿಮ್ ಕಾಲಿಗ್ ಬೀಳ್ತೀನಿ."

ಬೀಗಿತ್ತಿ ಬಾಗಿಲಲ್ಲಿ ನಿಂತೇ ಇದ್ದರು. ನಾನೂ ಏಳಲಿಲ್ಲ. ಕೊನೆಗೆ ಹಂಡೆಯ ಹತ್ತಿರ ಬಂದು ಕೂತರು. ಎಣ್ಣೆ ನೀವಿದರು, ಸೀಗೆ ಉಜ್ಜಿದರು, ಚೊಂಬೆತ್ತಿ ಸುರಿದರು. ನೀರು ಸುಡುತ್ತಿತ್ತು, ನಾನು ಕಾಲು ಎಳೆದುಕೊಳ್ಳಲಿಲ್ಲ.

"ಅಯ್ಯ, ಎಂಥಾ ಕೂಸಪ್ಪ ಇದು! ಹುಟ್ತಾನೇ ಹಿಮ್ಮಡಿ ಒಡ್ಕೊಂಡು ಬಂದದೆ" ಎಂದರು. ವಠಾರವೆಲ್ಲ ನಕ್ಕಿತು. ನಗುತ್ತಾ ನಗುತ್ತಾ ಬೀಗಿತ್ತಿ ಸೆರಗಿನಿಂದ ಕಣ್ಣೊರೆಸಿಕೊಂಡು, "ಉಳೀತವಾ?" ಎಂದು ಮೆಲ್ಲಗೆ ಕೇಳಿದರು. ಅವರ ಕೋಪದೊಳಗೆ ಇದ್ದದ್ದೂ ನನ್ನ ಗಂಟಲ ಮುಳ್ಳೇ. ನಮ್ಮ ಮನೆಯ ನೀರು ಕುಡಿದು ಗುಬ್ಬಿಗೆ ಹೊರಟರು.

ಉಳಿದವು! ಹೆಣ್ಣು ಮೊದಲು ಚೀಪಲು ಕಲಿತಳು, ಗಂಡು ಅವಳನ್ನು ನೋಡಿ ಕಲಿತನೋ ಏನೋ. ಕೆನ್ನೆಗೆ ಮಾಂಸ ಬಂತು, ಅಳುವಿಗೆ ದನಿ ಬಂತು. ಒಂದು ಬೆಳಿಗ್ಗೆ ನರ್ಸಮ್ಮ, "ಅಜ್ಜಿ, ಹಂಡೆ ಕಾಯಿಸಿ" ಎಂದಳು. ಗುಬ್ಬಿಗೆ ಹೇಳಿಕಳಿಸಿದೆ. ಮಾತು ಕೊಟ್ಟಂತೆ ಮೊದಲ ಚೊಂಬು ಬೀಗಿತ್ತಿಯದು. ಆವತ್ತು ಆ ಎರಡೂ ಕಿರುಚಿದ ಕಿರುಚಾಟಕ್ಕೆ ಬೀದಿಯವರೂ ಬಂದು ಇಣುಕಿದರು. ಇಂಥ ಸಂಗೀತ ನಾನು ಜನ್ಮದಲ್ಲಿ ಕೇಳಿಲ್ಲ.

ಆಗಾಗ ತೋರಿಸಲು ಆಸ್ಪತ್ರೆ ಹತ್ತಿರವಿರಲಿ ಎಂದು ಅಳಿಯಂದಿರು ಹೊಲಿಗೆ ಮಿಷನ್ನನ್ನು ತುಮಕೂರಿಗೇ ತಂದರು. ಎರಡು ಕೂಸಿಗೆ ಎರಡು ಕೈ ಸಾಲದೆ ನಾನೂ ಉಳಿದೆ. ಯಜಮಾನರು ಹೊಲ ತೋಟವನ್ನು ಮೈದುನನಿಗೆ ಒಪ್ಪಿಸಿ ಬಂದರು. ಈಗ ಮೊಮ್ಮಕ್ಕಳು ಸ್ಲೇಟು ಹಿಡಿದು ಸ್ಕೂಲಿಗೆ ಓಡುತ್ತಾರೆ. ಮಕ್ಕಳದು ಯಾವೂರು ಎಂದು ಯಾರಾದರೂ ಕೇಳಿದರೆ ಬೀಗಿತ್ತಿ ಗುಬ್ಬಿ ಎನ್ನುತ್ತಾರೆ, ನಾನು ಕುಣಿಗಲ್ ಎನ್ನುತ್ತೇನೆ. ಅವು ಮಾತ್ರ ಒಂದೇ ಬಾಯಲ್ಲಿ "ತುಮ್ಕೂರು!" ಎಂದು ಕೂಗುತ್ತವೆ.

ಊರಿಗೆ ಬಂದಾಗ ನೀವು ನನ್ನನ್ನು ತುಮಕೂರಮ್ಮ ಎಂದು ಆಡಿಕೊಳ್ಳುತ್ತೀರಿ. ವಠಾರದಲ್ಲಿ ನಾನು ಇವತ್ತಿಗೂ ಕುಣಿಗಲ್ ಅಜ್ಜಿ. ಎರಡಕ್ಕೂ ಓಗೊಡುತ್ತೇನೆ. ಎರೆಯಲು ಕರೆದರೆ ಈಗಲೂ ಬರುತ್ತೇನೆ. ಆದರೆ ಮೊದಲು ಕೂಸಿನ ಪಾದ ಮುಟ್ಟಿ ನೋಡುತ್ತೇನೆ. ತಣ್ಣಗಿದ್ದರೆ, ಕೂಸನ್ನು ತಾಯಿಯ ಮಗ್ಗುಲಿಗೆ ಕೊಟ್ಟು, ಬರಿಗಾಲು ಚಾಚಿ ನಾನೇ ಕೂರುತ್ತೇನೆ. ನಗಬೇಡಿ, ನೀರು ಹುಯ್ಯಿರಿ.